‘ಈಚ್’ ಜತೆ ‘ದೇರ್’ ಬರೆದರೆ ತಪ್ಪಾ? ಮೂರು ಸಲ ತಿದ್ದಿಸಿಕೊಂಡ ಒಂದು ಸಾಲಿನ ಕಥೆ

ಕರಡುಪ್ರತಿ
ಕೆಲಸದಲ್ಲಿ ಇಂಗ್ಲಿಷ್ ಸೂಚನೆ, ಸುತ್ತೋಲೆ ಬರೆಯೋದು ಹೇಗೋ ನನ್ನ ತಲೆಗೇ ಕಟ್ಟಿದ್ದಾರೆ. ಹೋದ ವಾರ ಒಂದು ಸಾಲು ಬರೆದೆ: ‘ಈಚ್ ಎಂಪ್ಲಾಯಿ ಮಸ್ಟ್ ಸೈನ್ ದೇರ್ ಫಾರ್ಮ್ ಬಿಫೋರ್ ದೇ ಲೀವ್.’ ಮೊದಲು ನೋಡಿದವರು ‘ದೇರ್’, ‘ದೇ’ ಎರಡಕ್ಕೂ ಕೆಂಪು ಸುತ್ತು ಹಾಕಿ ‘ಹಿಸ್’, ‘ಹಿ’ ಮಾಡಿದರು. ಎರಡನೆಯವರು ಅದನ್ನ ‘ಹಿಸ್ ಆರ್ ಹರ್’, ‘ಹಿ ಆರ್ ಶಿ’ ಮಾಡಿದರು. ಮೂರನೆಯವರು ‘ಇದೇನಿದು ಹಳೇ ಕಾಲದ್ದು’ ಅಂತ ಮತ್ತೆ ‘ದೇರ್’, ‘ದೇ’ಗೆ ತಂದು ನಿಲ್ಲಿಸಿದರು. ಅಂದ್ರೆ ನಾನು ಬರೆದಿದ್ದೇ ವಾಪಸ್ ಬಂತು, ಆದ್ರೆ ಮೂರು ದಿನ ಹೋಯ್ತು. ಯಾವುದು ಸರಿ?

ಇನ್ನೊಂದು ಮಾನ ಹೋದ ಸಂಗತಿ. ಹೊಸ ಡೈರೆಕ್ಟರ್ ಬರ್ತಾರೆ ಅಂತ ಎಲ್ಲರಿಗೂ ಮೇಲ್ ಕಳಿಸಿದೆ: ‘ಅವರ್ ನ್ಯೂ ಡೈರೆಕ್ಟರ್ ಈಸ್ ಜಾಯಿನಿಂಗ್ ಆನ್ ಮಂಡೇ. ದೇ ವಿಲ್ ಮೀಟ್ ಆಲ್ ದ ಟೀಮ್ಸ್.’ ಒಬ್ಬ ಪುಣ್ಯಾತ್ಮ ಎಲ್ಲರಿಗೂ ಕಾಣೋ ಹಾಗೆ ಉತ್ತರ ಹಾಕಿದ: ‘ಎಷ್ಟು ಜನ ಡೈರೆಕ್ಟರ್ ಬರ್ತಿದ್ದಾರೆ?’ ನಾನು ಮರ್ಯಾದೆ ಕೊಟ್ಟಿದ್ದೆ ಅಷ್ಟೇ. ಇದರಲ್ಲಿ ತಪ್ಪೇನು ಅಂತ ಇನ್ನೂ ನನಗೆ ಪೂರ್ತಿ ಹೊಳೆದಿಲ್ಲ.

ಹಳೆಮೇಷ್ಟ್ರು
ತಪ್ಪು ತಪ್ಪೇ, ಅದರಲ್ಲಿ ಚರ್ಚೆ ಏನಿದೆ? ಸರ್ವನಾಮ ಯಾವ ನಾಮಪದದ ಬದಲಿಗೆ ನಿಂತಿದೆಯೋ ಅದು ಆಂಟಿಸಿಡೆಂಟ್. ಕನ್ನಡದಲ್ಲಿ ಪೂರ್ವಪದ ಅನ್ನಿ. ಸರ್ವನಾಮವು ಪುರುಷ, ವಚನ, ಲಿಂಗ ಮೂರರಲ್ಲೂ ಪೂರ್ವಪದಕ್ಕೆ ಹೊಂದಬೇಕು. ‘ಈಚ್’, ‘ಎವ್ರಿ’, ‘ಎವ್ರಿವನ್’, ‘ಸಂಬಡಿ’, ‘ನೋಬಡಿ’, ‘ಈದರ್’, ‘ನೈದರ್’ ಇವೆಲ್ಲ ಏಕವಚನ. ಇಡೀ ಊರೇ ಬಂದಿದ್ದರೂ ‘ಎವ್ರಿವನ್ ಹ್ಯಾಸ್ ಕಮ್’ ಅನ್ನುತ್ತೇವೆ, ‘ಹ್ಯಾವ್ ಕಮ್’ ಅನ್ನುವುದಿಲ್ಲ. ಕ್ರಿಯಾಪದ ಏಕವಚನ ಅಂದಮೇಲೆ ಸರ್ವನಾಮ ಬಹುವಚನ ಹೇಗಾದೀತು? ‘ಈಚ್ ಎಂಪ್ಲಾಯಿ ಮಸ್ಟ್ ಸೈನ್ ಹಿಸ್ ಫಾರ್ಮ್.’ ಮೊದಲು ತಿದ್ದಿದವರು ಸರಿಯಾಗಿ ಓದಿಕೊಂಡವರು. ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದೇನೆ.

ಇರುವೆಸಾಲು
ಮೇಷ್ಟ್ರೇ, ನಿಮ್ಮ ನಿಯಮಕ್ಕಿಂತ ಆ ‘ತಪ್ಪಿ’ಗೇ ವಯಸ್ಸು ಜಾಸ್ತಿ. ಒಬ್ಬ ವ್ಯಕ್ತಿಗೆ ‘ದೇ’ ಬಳಸಿದ್ದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೊಡುವ ಮೊದಲ ಉದಾಹರಣೆ 1375ರದ್ದು. ಷೇಕ್ಸ್‌ಪಿಯರ್ ಒಂದು ನಾಟಕದಲ್ಲಿ ‘ಎ ಮ್ಯಾನ್’ ಅಂತ ಗಂಡಸನ್ನೇ ಹೇಳಿ ಅದಕ್ಕೂ ‘ದೇರ್’ ಹಾಕಿದ್ದಾನೆ. ಜೇನ್ ಆಸ್ಟಿನ್ ಕಾದಂಬರಿಗಳಲ್ಲಂತೂ ‘ಎವ್ರಿಬಡಿ’ಗೆ ‘ದೇರ್’ ಧಾರಾಳವಾಗಿ ಸಿಗುತ್ತದೆ. ಎಲ್ಲರಿಗೂ ‘ಹಿಸ್’ ಸಾಕು ಅನ್ನುವ ನಿಯಮ ವ್ಯಾಕರಣ ಪುಸ್ತಕಗಳಿಗೆ ಬಂದಿದ್ದು 18ನೇ ಶತಮಾನದಲ್ಲಿ. ಅದನ್ನು ಮೊದಮೊದಲು ಬರೆದವರಲ್ಲಿ ಆನ್ ಫಿಶರ್ ಅನ್ನುವ ಶಾಲಾ ಶಿಕ್ಷಕಿಯೂ ಇದ್ದಳು. ಹೆಂಗಸೇ ಹೆಂಗಸರನ್ನು ‘ಹಿ’ ಒಳಗೆ ಸೇರಿಸಿ ಬಾಗಿಲು ಹಾಕಿದ್ದು ವಿಚಿತ್ರ.

ಬಹುವಚನದ ಪದ ಒಬ್ಬರಿಗೆ ಹೇಗೆ ಅಂತ ಕೇಳುವವರು ‘ಯು’ ಕಡೆ ನೋಡಿ. ಅದೂ ಬಹುವಚನವೇ. ಒಬ್ಬನಿಗೆ ‘ದೌ’, ‘ದೀ’ ಇತ್ತು. ದೊಡ್ಡವರಿಗೆ ಮರ್ಯಾದೆಗೆ ‘ಯು’ ಅನ್ನುತ್ತಾ ಅನ್ನುತ್ತಾ ‘ದೌ’ ಸವೆದು ಹೋಯಿತು. ಈಗ ಒಬ್ಬನೇ ಎದುರಿಗೆ ಕೂತಿದ್ದರೂ ‘ಯು ಆರ್’ ಅಂತೀವಿ, ಯಾರೂ ಕೆಂಪು ಸುತ್ತು ಹಾಕುವುದಿಲ್ಲ.

ಸುಮ್ನೆ_ಕೇಳ್ದೆ
ಇತಿಹಾಸ ಚೆನ್ನಾಗಿದೆ. ಆದ್ರೆ ಪರೀಕ್ಷೇಲಿ ‘ಎವ್ರಿವನ್ ಶುಡ್ ಡು — ಹೋಮ್‌ವರ್ಕ್’ ಅಂತ ಬಿಟ್ಟ ಸ್ಥಳ ಬಂದ್ರೆ ನಾನು ಜೇನ್ ಆಸ್ಟಿನ್ ಹೆಸರು ಹೇಳಿದ್ರೆ ಮಾರ್ಕ್ಸ್ ಕೊಡ್ತಾರಾ?

ಅಲ್ಪವಿರಾಮ
ನಾನು ಹೊಟ್ಟೆಪಾಡಿಗೆ ಬೇರೆಯವರ ಇಂಗ್ಲಿಷ್ ತಿದ್ದುವವಳು. ಹಾಗಾಗಿ ಯಾರ ಪಕ್ಷವೂ ಅಲ್ಲ, ಈಗ ಗಾಳಿ ಎತ್ತ ಇದೆ ಅಂತ ಹೇಳ್ತೀನಿ. ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ 2017ರಲ್ಲಿ ಏಕವಚನದ ‘ದೇ’ಗೆ ಸೀಮಿತವಾಗಿ ಒಪ್ಪಿಗೆ ಕೊಟ್ಟಿತು, ಬೇರೆ ದಾರಿ ಇಲ್ಲದಾಗ ಮಾತ್ರ ಅಂತ. ಅಮೆರಿಕದ ಮನೋವಿಜ್ಞಾನ ಸಂಘದ ಕೈಪಿಡಿಯ ಏಳನೇ ಆವೃತ್ತಿ 2019ರಲ್ಲಿ ಬಂತು. ಸಂಶೋಧನಾ ಪ್ರಬಂಧಗಳಲ್ಲೂ ‘ದೇ’ ಬಳಸಿ ಅಂತ ಅದು ನೇರವಾಗಿ ಹೇಳಿತು. ಅದೇ ವರ್ಷ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ದೇ’ಯನ್ನೇ ವರ್ಷದ ಪದ ಅಂತ ಆರಿಸಿತು. ಹಾಗಾಗಿ ಕರಡುಪ್ರತಿಯವರ ಮೊದಲ ಸಾಲು ಈ ಹೊತ್ತಿನ ಇಂಗ್ಲಿಷಿನಲ್ಲಿ ತಪ್ಪಲ್ಲ.

@ಸುಮ್ನೆ_ಕೇಳ್ದೆ, ಪರೀಕ್ಷೆ ಬೇರೆ ಜಾತಿ. ಅಲ್ಲಿ ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಯಾವ ಕೀಲಿ ಇದೆಯೋ ಅದೇ ಭಾಷೆ. ಆಯ್ಕೆಯಲ್ಲಿ ‘ಹಿಸ್ ಆರ್ ಹರ್’ ಇದ್ದರೆ ಅದನ್ನ ಹಾಕಿ ಮುಂದೆ ಹೋಗಿ.

ಕೆಲಸದ ಬರಹದಲ್ಲಿ ನಾನು ಮಾಡೋದು ಇಷ್ಟು: ಜಗಳಕ್ಕೆ ಜಾಗವೇ ಇರದ ಹಾಗೆ ಸಾಲು ಕಟ್ಟೋದು. ಪೂರ್ವಪದವನ್ನೇ ಬಹುವಚನ ಮಾಡಿ, ‘ಆಲ್ ಎಂಪ್ಲಾಯೀಸ್ ಮಸ್ಟ್ ಸೈನ್ ದೇರ್ ಫಾರ್ಮ್ಸ್.’ ಇಲ್ಲಾಂದ್ರೆ ಸರ್ವನಾಮವನ್ನೇ ಕಿತ್ತುಹಾಕಿ, ‘ಈಚ್ ಎಂಪ್ಲಾಯಿ ಮಸ್ಟ್ ಸೈನ್ ದ ಫಾರ್ಮ್ ಬಿಫೋರ್ ಲೀವಿಂಗ್.’ ಆ ‘ದೇರ್’ ಅಲ್ಲಿ ನಿಜವಾಗಲೂ ಬೇಕಾಗಿತ್ತಾ ಅಂತ ಕೇಳಿಕೊಳ್ಳಿ. ಅರ್ಧಕ್ಕರ್ಧ ಸಲ ಬೇಕಿರೋದಿಲ್ಲ.

ಬಹುವಚನ ಮಾಡೋದರಲ್ಲೂ ಒಂದು ಮುಳ್ಳಿದೆ. ‘ಆಲ್ ಎಂಪ್ಲಾಯೀಸ್ ಮಸ್ಟ್ ಸೈನ್ ದೇರ್ ಫಾರ್ಮ್ಸ್’ ಅಂದರೆ ತಲೆಗೊಂದು ಫಾರ್ಮಾ, ತಲೆಗೆ ನಾಲ್ಕಾ? ಗೊತ್ತಾಗೋದಿಲ್ಲ. ಒಬ್ಬೊಬ್ಬರಿಗೆ ಒಂದೇ ಅನ್ನೋದು ಮುಖ್ಯವಾದರೆ ‘ಈಚ್’ ಉಳಿಸಿಕೊಳ್ಳಲೇಬೇಕು.

ತುಂಟಪದ
‘ಈಚ್ ಎಂಪ್ಲಾಯಿ ಮಸ್ಟ್ ಕೀಪ್ ಹಿಸ್ ಆರ್ ಹರ್ ಕಾರ್ಡ್ ಇನ್ ಹಿಸ್ ಆರ್ ಹರ್ ಬ್ಯಾಗ್ ಅಂಟಿಲ್ ಹಿ ಆರ್ ಶಿ ರೀಚಸ್ ಹಿಸ್ ಆರ್ ಹರ್ ಡೆಸ್ಕ್.’

ಜೋರಾಗಿ ಓದಿ ನೋಡಿ. ಹುತ್ತದ ಮುಂದೆ ನಿಂತ ಹಾಗಿದೆ, ಬರೀ ಬುಸ್ ಬುಸ್.

ಇರುವೆಸಾಲು
😄 ಅಲ್ಪವಿರಾಮ ಹೇಳಿದ ತಲೆಗೊಂದು ಫಾರ್ಮಿನ ಸಮಸ್ಯೆ ಕನ್ನಡಕ್ಕೆ ಇಲ್ಲವೇ ಇಲ್ಲ, ಗಮನಿಸಿದಿರಾ? ‘ಎಲ್ಲರೂ ತಮ್ಮ ತಮ್ಮ ಫಾರ್ಮಿಗೆ ಸಹಿ ಹಾಕಿ.’ ‘ತಮ್ಮ’ ಎರಡು ಸಲ ಬಂದ ಕೂಡಲೇ ಹಂಚಿಕೆ ಆಗಿಹೋಯಿತು, ಲಿಂಗದ ತಂಟೆಯೂ ಇಲ್ಲ.

ಡೈರೆಕ್ಟರ್ ಮೇಲ್ ವಿಷಯಕ್ಕೆ ಬರೋಣ, ನನಗೆ ಅದೇ ಹೆಚ್ಚು ರುಚಿ. ಕರಡುಪ್ರತಿ ಅಲ್ಲಿ ಬರೆದಿದ್ದು ಇಂಗ್ಲಿಷಿನ ‘ದೇ’ ಅಲ್ಲ, ಇಂಗ್ಲಿಷ್ ಅಂಗಿ ತೊಟ್ಟ ‘ಅವರು’. ನಮ್ಮ ‘ಅವರು’ ಎರಡು ಕೆಲಸ ಮಾಡುತ್ತದೆ. ಹಲವರನ್ನು ತೋರಿಸುತ್ತದೆ, ಒಬ್ಬರಿಗೆ ಗೌರವವನ್ನೂ ತೋರಿಸುತ್ತದೆ. ‘ಡೈರೆಕ್ಟರ್ ಬಂದ’ ಅಂತ ಬಾಯಲ್ಲಿ ಬರೋದಿಲ್ಲ, ‘ಬಂದರು’ ಅಂತಲೇ ಬರೋದು. ಇಂಗ್ಲಿಷಿನ ‘ದೇ’ಗೆ ಈ ಗೌರವದ ಕೆಲಸ ಗೊತ್ತಿಲ್ಲ. ಒಬ್ಬರಿಗೆ ಅದು ಸಲ್ಲುವುದು ಆ ವ್ಯಕ್ತಿ ಯಾರೆಂದು ಗೊತ್ತಿಲ್ಲದಾಗ, ಅಥವಾ ಯಾರಾದರೂ ಆಗಬಹುದು ಅನ್ನುವಾಗ, ಅಥವಾ ಆ ವ್ಯಕ್ತಿಯೇ ತನ್ನನ್ನು ‘ದೇ’ ಅಂತ ಕರೆಯಿರಿ ಅಂದಿರುವಾಗ. ‘ಸಂಬಡಿ ಲೆಫ್ಟ್ ದೇರ್ ಫೋನ್ ಹಿಯರ್’ ಸರಾಗ. ಆದರೆ ಹೆಸರು, ಹುದ್ದೆ, ಬರುವ ದಿನ ಎಲ್ಲ ಗೊತ್ತಿರುವ ಒಬ್ಬರನ್ನು ಸುಮ್ಮನೆ ‘ದೇ’ ಅಂದರೆ ಓದುವವರು ಇನ್ನೊಬ್ಬರು ಎಲ್ಲಿ ಅಂತ ಹುಡುಕುತ್ತಾರೆ.

ನಮ್ಮವರು ‘ಮೈ ಫಾದರ್ ಈಸ್ ಎ ಡಾಕ್ಟರ್. ದೇ ವರ್ಕ್ ಅಟ್ ನೈಟ್’ ಅಂತ ಬರೆಯುವುದೂ ಇದರಿಂದಲೇ. ಅಪ್ಪನನ್ನು ‘ಹಿ’ ಅನ್ನಲು ಕೈ ಬರುವುದಿಲ್ಲ, ಅಷ್ಟೇ. ಇಂಗ್ಲಿಷ್ ಗೌರವವನ್ನು ಸರ್ವನಾಮದಲ್ಲಿ ಇಟ್ಟಿಲ್ಲ. ಬಿರುದಿನಲ್ಲಿ, ‘ವುಡ್ ಯು’, ‘ಕುಡ್ ಯು’ಗಳಲ್ಲಿ, ಮಾತಿನ ಧಾಟಿಯಲ್ಲಿ ಇಟ್ಟಿದೆ. ರಾಣಿಯೂ ‘ಶಿ’, ಕಳ್ಳಿಯೂ ‘ಶಿ’.

ಕರಡುಪ್ರತಿ
ಹಾಗಾದ್ರೆ ಡೈರೆಕ್ಟರ್ ಗಂಡೋ ಹೆಣ್ಣೋ ನನಗೆ ಗೊತ್ತಿರಲಿಲ್ಲ ಅಂತ ವಾದ ಮಾಡಬಹುದಾ? ಹೆಸರು ನೋಡಿದ್ರೂ ಗೊತ್ತಾಗದ ಹೆಸರು ಅದು.

ಅಲ್ಪವಿರಾಮ
ಗೊತ್ತಿರದಿದ್ದರೆ ಹೆಸರನ್ನೇ ಇನ್ನೊಮ್ಮೆ ಬರೆಯಬೇಕಿತ್ತು, ಇಲ್ಲಾ ಯಾರನ್ನಾದರೂ ಕೇಳಬೇಕಿತ್ತು. ಹೊಸ ಡೈರೆಕ್ಟರ್ ಬಗ್ಗೆ ಬರೆಯೋ ಮೊದಲ ಮೇಲ್‌ನಲ್ಲಿ ಊಹೆ ಮಾಡಬಾರದು 🙂

ಕೋಡುಗಾರ್ತಿ
ನೀವೆಲ್ಲ ‘ದೇ’ ಹಿಂದೆ ಬಿದ್ದಿದ್ದೀರಿ. ನನ್ನನ್ನ ಮುಳುಗಿಸಿದ್ದು ‘ಇಟ್’.

ನಾನು ಪ್ರೋಗ್ರಾಮರ್. ಕೆಲವು ವರ್ಷದ ಹಿಂದೆ ಒಂದು ಕೆಲಸ ಹೊಸಬನಿಗೆ ವಹಿಸುವಾಗ ಹಂತಗಳನ್ನು ಬರೆದುಕೊಟ್ಟಿದ್ದೆ. ಅದರಲ್ಲಿ ಒಂದು ಸಾಲು: ‘ಕಾಪಿ ದ ಲಾಗ್ ಫೈಲ್ಸ್ ಟು ದ ಬ್ಯಾಕಪ್ ಫೋಲ್ಡರ್ ಅಂಡ್ ದೆನ್ ಡಿಲೀಟ್ ಇಟ್.’ ನನ್ನ ಮನಸ್ಸಲ್ಲಿದ್ದದ್ದು: ಲಾಗ್ ಫೈಲುಗಳನ್ನ ಬ್ಯಾಕಪ್‌ಗೆ ಹಾಕು, ಆಮೇಲೆ ‘ಅದನ್ನ’ ಅಳಿಸು. ಅವನು ಅಚ್ಚುಕಟ್ಟಾಗಿ ಫೈಲುಗಳನ್ನ ಬ್ಯಾಕಪ್ ಫೋಲ್ಡರಿಗೆ ಹಾಕಿದ, ಆಮೇಲೆ ಬ್ಯಾಕಪ್ ಫೋಲ್ಡರನ್ನೇ ಅಳಿಸಿದ. ಅದರ ಜತೆ ಅದರೊಳಗೆ ಮೊದಲಿಂದ ಇದ್ದ ಹಳೇದೆಲ್ಲ ಹೋಯ್ತು.

ಬೈಯ್ಯೋಕೆ ಹೋದೆ. ಅವನು ಸಾಲನ್ನ ಪರದೆ ಮೇಲೆ ತೋರಿಸಿ ಕೇಳಿದ: ‘ಫೈಲ್ಸ್ ಅಂದ್ರೆ ಹಲವು. ಇಟ್ ಅಂದ್ರೆ ಒಂದು. ಈ ಸಾಲಲ್ಲಿ ಒಂದೇ ಒಂದು ಇರೋದು ಯಾವುದು? ಫೋಲ್ಡರ್.’ ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ಇಂಗ್ಲಿಷ್ ಅವನಿಗೆ ಸರಿಯಾಗಿ ಗೊತ್ತಿತ್ತು, ಅದೇ ತೊಂದರೆಯಾಗಿದ್ದು.

ಈ ‘ಇಟ್’ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಮಾತಾಡುವಾಗ ನಾವು ‘ಹತ್ತು ಫೈಲ್ ಇದೆ, ಅದನ್ನ ಅಳಿಸು’ ಅಂತೀವಿ. ಬರೆಯುವಾಗ ‘ಹತ್ತು ಫೈಲುಗಳಿವೆ, ಅವನ್ನು ಅಳಿಸಿ’ ಅಂತ ಬರೀಬಹುದು, ಆದ್ರೆ ಬಾಯಲ್ಲಿ ‘ಅವನ್ನು’ ಎಷ್ಟು ಸಲ ಬರುತ್ತೆ? ಹತ್ತು ಅಂದಮೇಲೆ ಹಲವು ಅಂತ ಗೊತ್ತಾಯ್ತಲ್ಲ, ಮತ್ತೆ ಯಾಕೆ ಬಹುವಚನ ಅನ್ನೋದು ನಮ್ಮ ಲೆಕ್ಕಾಚಾರ. ಅದು ಜಾಣತನವೇ. ಆದ್ರೆ ಇಂಗ್ಲಿಷ್ ಓದೋನು ವಚನವನ್ನ ಗುರುತಿನ ಚೀಟಿ ಥರ ಹಿಡ್ಕೊಂಡು ಹಿಂದಕ್ಕೆ ಹೋಗಿ ನಾಮಪದ ಹುಡುಕ್ತಾನೆ. ಚೀಟಿ ತಪ್ಪಾದ್ರೆ ತಪ್ಪು ಮನೆಗೆ ಹೋಗ್ತಾನೆ.

ಇರುವೆಸಾಲು
ಇದು ಚಿನ್ನದಂಥ ಉದಾಹರಣೆ.

ಅಲ್ಪವಿರಾಮ
ಸಂಪಾದಕಿಯ ಚಟ, ಕ್ಷಮಿಸಿ: ‘ದೆಮ್’ ಅಂತ ಬರೆದಿದ್ದರೂ ಪೂರ್ತಿ ಬಚಾವಾಗ್ತಿರಲಿಲ್ಲ. ಕಾಪಿ ಮಾಡಿದ ಮೇಲೆ ಲಾಗ್ ಫೈಲುಗಳು ಎರಡು ಕಡೆ ಇರ್ತವೆ. ‘ದೆಮ್’ ಅಂದ್ರೆ ಮೂಲವಾ, ನಕಲಾ? ‘ಡಿಲೀಟ್ ದ ಒರಿಜಿನಲ್ಸ್’ ಅನ್ನಬೇಕು. ಸರ್ವನಾಮ ಹೊಂದಿದರೆ ಸಾಲದು, ಒಂದೇ ಕಡೆ ಬೆರಳು ತೋರಿಸಬೇಕು.

ಕೋಡುಗಾರ್ತಿ
ಈಗ ಹಾಗೇ ಬರೀತೀನಿ. ಆ ಫೋಲ್ಡರಿನ ಆಣೆ.

ಹಳೆಮೇಷ್ಟ್ರು
ಫೋಲ್ಡರ್ ಹೋದರೂ ಪರವಾಗಿಲ್ಲ, ನಿಯಮಕ್ಕೆ ಬೆಲೆ ಬಂತು. ವಚನ ಹೊಂದಿಸುವುದು ಅಲಂಕಾರ ಅಲ್ಲ ಅಂತ ತರಗತಿಯಲ್ಲಿ ಗಂಟಲು ಹರಿದುಕೊಂಡರೂ ಇಷ್ಟು ಚೆನ್ನಾಗಿ ಹೇಳಲು ನನಗೆ ಆಗಿರಲಿಲ್ಲ.

ಹೀಗೆ ಎಡವುವ ಇನ್ನೆರಡು ಜಾಗ ಹೇಳಿಬಿಡುತ್ತೇನೆ. ‘ಅಂಡ್’ ಇಂದ ಎರಡು ಹೆಸರು ಸೇರಿದರೆ ‘ದೇ’, ಇದು ಎಲ್ಲರಿಗೂ ಗೊತ್ತು. ಆದರೆ ‘ದ ಸೆಕ್ರೆಟರಿ ಅಂಡ್ ಟ್ರೆಶರರ್ ಹ್ಯಾಸ್ ಸೆಂಟ್ ಹರ್ ರಿಪೋರ್ಟ್’ ಕೂಡ ಸರಿ, ಅಲ್ಲಿ ಎರಡು ಹುದ್ದೆ, ಮನುಷ್ಯಳು ಒಬ್ಬಳೇ. ‘ದ ಸೆಕ್ರೆಟರಿ ಅಂಡ್ ದ ಟ್ರೆಶರರ್’ ಅಂತ ಇನ್ನೊಂದು ‘ದ’ ಬಂತೋ, ಇಬ್ಬರಾದರು, ‘ಹ್ಯಾವ್ ಸೆಂಟ್ ದೇರ್’ ಆಯಿತು. ಒಂದಕ್ಷರದಷ್ಟು ಪದ, ಒಬ್ಬ ಮನುಷ್ಯನನ್ನೇ ಹೆಚ್ಚಿಸುತ್ತದೆ. ಹಾಗೆಯೇ ‘ಎವ್ರಿ ಬಾಯ್ ಅಂಡ್ ಎವ್ರಿ ಗರ್ಲ್’ ಅಂದಾಗ ನಡುವೆ ‘ಅಂಡ್’ ಇದ್ದರೂ ಅದು ಏಕವಚನವೇ. ‘ಎವ್ರಿ’ ಎಲ್ಲರನ್ನೂ ಒಬ್ಬೊಬ್ಬರಾಗಿ ಬಿಡಿಸಿಬಿಡುತ್ತದೆ.

ಎರಡನೆಯದು ‘ಆರ್’, ‘ನಾರ್’. ಹತ್ತಿರದ ಪದಕ್ಕೆ ಹೊಂದಿಸಬೇಕು. ‘ನೈದರ್ ದ ಮ್ಯಾನೇಜರ್ ನಾರ್ ದ ಕ್ಲರ್ಕ್ಸ್ ಹ್ಯಾವ್ ಗಿವನ್ ದೇರ್ ಒಪೀನಿಯನ್.’ ಕ್ಲರ್ಕುಗಳನ್ನು ಮುಂದೆ, ಮ್ಯಾನೇಜರನ್ನು ಹಿಂದೆ ಹಾಕಿದರೆ ‘ಹ್ಯಾಸ್ ಗಿವನ್ ಹಿಸ್’ ಆಗಿ ಅಷ್ಟೂ ಜನ ಗುಮಾಸ್ತರು ಮಾಯ. ಅದಕ್ಕೇ ಬಹುವಚನವನ್ನು ಯಾವಾಗಲೂ ಕೊನೆಗಿಡಿ. ಒಂದು ಗಂಡು, ಒಂದು ಹೆಣ್ಣು ಇದ್ದರೆ ಈ ನಿಯಮ ಕೈಕೊಡುತ್ತದೆ. ‘ಈದರ್ ಜಾನ್ ಆರ್ ಮೇರಿ ವಿಲ್ ಲೆಂಡ್ ಯು ಹರ್ ಪೆನ್’ ಅಂದರೆ ಜಾನ್ ಕೊಡುವುದೂ ಮೇರಿಯ ಪೆನ್ನೇ ಅಂದ ಹಾಗಾಗುತ್ತದೆ. ಅಂಥ ಸಾಲನ್ನು ಒಡೆದು ಬರೆಯುವುದೇ ಲೇಸು.

ಇರುವೆಸಾಲು
ಅಥವಾ ‘ಲೆಂಡ್ ಯು ದೇರ್ ಪೆನ್’. ಸಮಸ್ಯೆ ಮುಗೀತು.

ಹಳೆಮೇಷ್ಟ್ರು
ಇಲ್ಲ. ನನ್ನ ಕೈಯಲ್ಲಿ ಅದು ಬರೆಸಲು ಆಗುವುದಿಲ್ಲ.

ಇರುವೆಸಾಲು
ಮೇಷ್ಟ್ರೇ, ನೀವು ಮಕ್ಕಳಿಗೆ ಪ್ರಶ್ನೆಬಾಲ ಕಲಿಸಿದ್ದೀರಲ್ಲ, ಕ್ವೆಶ್ಚನ್ ಟ್ಯಾಗ್? ‘ಎವ್ರಿವನ್ ಹ್ಯಾಸ್ ಅರೈವ್ಡ್’ ಅನ್ನುವುದಕ್ಕೆ ಬಾಲ ಹಚ್ಚಿ ನೋಡೋಣ.

ಹಳೆಮೇಷ್ಟ್ರು
‘ಹ್ಯಾವಂಟ್ ದೇ?’

ಹಳೆಮೇಷ್ಟ್ರು
ಅಯ್ಯೋ.

ತುಂಟಪದ
ಸಿಕ್ಕಿಬಿದ್ದರು 🔥

ಇರುವೆಸಾಲು
‘ಹ್ಯಾಸಂಟ್ ಹಿ?’ ಅಂತ ಬರೆದ ಹುಡುಗನಿಗೆ ನೀವೇ ಸೊನ್ನೆ ಕೊಟ್ಟಿರುತ್ತೀರಿ! ಶಾಲೆಯ ಹಳೇ ವ್ಯಾಕರಣವೂ ಬಾಲದಲ್ಲಿ ‘ದೇ’ ಒಪ್ಪುತ್ತದೆ, ತಲೆಯಲ್ಲಿ ಮಾತ್ರ ಬೇಡ ಅನ್ನುತ್ತದೆ. ಇನ್ನೊಂದು ನೋಡಿ: ‘ವೆನ್ ಎವ್ರಿವನ್ ಕೇಮ್ ಇನ್, ಐ ಥ್ಯಾಂಕ್ಡ್ ಹಿಮ್.’ ಬಂದವರು ಐವತ್ತು ಜನ, ಧನ್ಯವಾದ ಒಬ್ಬನಿಗೆ. ಇಲ್ಲಿ ‘ಹಿಮ್’ ಹಾಕಲು ಯಾವ ಮೇಷ್ಟ್ರಿಗೂ ಧೈರ್ಯ ಬರುವುದಿಲ್ಲ. ‘ಎವ್ರಿವನ್’ ರೂಪದಲ್ಲಿ ಒಬ್ಬ, ಅರ್ಥದಲ್ಲಿ ಹಲವರು. ಕ್ರಿಯಾಪದ ರೂಪ ನೋಡುತ್ತದೆ, ಸರ್ವನಾಮ ಅರ್ಥ ನೋಡುತ್ತದೆ.

ನಾವು ಕನ್ನಡಿಗರು ಇದಕ್ಕೆ ಬೆಚ್ಚಬೇಕಾಗಿಯೇ ಇಲ್ಲ. ಬಾಗಿಲು ತಟ್ಟಿದ ಸದ್ದು ಕೇಳಿದರೆ ‘ಯಾರೋ ಬಂದಿದ್ದಾರೆ, ಅವರನ್ನು ಒಳಗೆ ಕರಿ’ ಅಂತೀವಿ. ಬಂದವರು ಒಬ್ಬರೇ ಇರಬಹುದು, ಗಂಡೋ ಹೆಣ್ಣೋ ಗೊತ್ತಿಲ್ಲ. ‘ಸಂಬಡಿ ಈಸ್ ಅಟ್ ದ ಡೋರ್, ಲೆಟ್ ದೆಮ್ ಇನ್’ ಅನ್ನುವುದೂ ಇದೇ ಮನೆಯ ಮಾತು.

ಹಳೆಮೇಷ್ಟ್ರು
ಬಾಲದ ವಿಷಯದಲ್ಲಿ ಸೋತೆ, ಒಪ್ಪಿದೆ. ‘ಎವ್ರಿವನ್’ಗೆ ‘ದೇ’ ಬಿಟ್ಟುಕೊಡುತ್ತೇನೆ. ‘ಈಚ್ ಎಂಪ್ಲಾಯಿ’ಗೆ ಇನ್ನೂ ಇಲ್ಲ, ಅಲ್ಲಿ ಒಂದೊಂದಾಗಿ ಎಣಿಸುತ್ತಿದ್ದೇವೆ. ‘ಈಚ್ ಆಫ್ ದ ಗರ್ಲ್ಸ್’ ಬಂದರಂತೂ ‘ಹರ್’ ಬಿಟ್ಟು ಬೇರೆ ಮಾತಿಲ್ಲ. ಎಲ್ಲರೂ ಹುಡುಗಿಯರೇ ಅಂತ ಸಾಲೇ ಹೇಳುತ್ತಿದೆಯಲ್ಲ.

ಅಲ್ಪವಿರಾಮ
ಅದು ನಾನೂ ‘ಹರ್’ ಅಂತಲೇ ತಿದ್ದುತ್ತೇನೆ. ಲಿಂಗ ಗೊತ್ತಿರುವಾಗ ‘ದೇ’ ಹಿಂದೆ ಅಡಗಿಕೊಳ್ಳುವ ಅಗತ್ಯ ಇಲ್ಲ.

ಕಲಂ_ಉಪಕಲಂ
ಕಾನೂನು ಕರಡು ಬರೆಯೋ ಕಡೆಯಿಂದ ಎರಡು ಮಾತು. ‘ಹಿ’ ಅಂದರೆ ‘ಶಿ’ಯೂ ಸೇರಿದೆ ಅಂತ ಬ್ರಿಟಿಷ್ ಸಂಸತ್ತು 1850ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು. ವ್ಯಾಕರಣದ ಪ್ರೀತಿಯಿಂದ ಅಲ್ಲ, ಕಾನೂನಿನ ಸಾಲುಗಳು ಚಿಕ್ಕದಾಗಲಿ ಅಂತ. 2007ರಲ್ಲಿ ಅಲ್ಲಿನ ಸರ್ಕಾರವೇ ತಿರುಗಿಬಿದ್ದು, ಇನ್ನು ಮುಂದೆ ಸರ್ಕಾರಿ ಮಸೂದೆಗಳನ್ನು ಲಿಂಗತಟಸ್ಥವಾಗಿ ಬರೆಯುತ್ತೇವೆ ಅಂತು. ನಮ್ಮಂಥವರ ದಾರಿ ಇನ್ನೂ ನೀರಸ: ಸರ್ವನಾಮವನ್ನೇ ನಂಬೋದಿಲ್ಲ. ‘ದ ಟೆನಂಟ್ ಶಲ್ ಪೇ ದ ಟೆನಂಟ್ಸ್ ಶೇರ್’. ಕಿವಿಗೆ ಕಲ್ಲು ಕುಟ್ಟಿದ ಹಾಗೆ, ಆದರೆ ಕೋರ್ಟಿನಲ್ಲಿ ‘ಹಿಸ್’ ಅಂದರೆ ಯಾರದು ಅಂತ ಯಾರೂ ಕೇಳೋದಿಲ್ಲ.

ಸುಮ್ನೆ_ಕೇಳ್ದೆ
‘ಟೀಮ್’ಗೆ ‘ಇಟ್’ ಆ, ‘ದೇ’ ಆ? ‘ಕಮಿಟಿ’ಗೆ? ಆಮೇಲೆ ‘ನ್ಯೂಸ್’, ‘ಸಿಸರ್ಸ್’ ಇವಕ್ಕೆ?

ಅಲ್ಪವಿರಾಮ
ಕೊನೆಯದು ಮೊದಲು, ಚಿಕ್ಕದು: ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ಗೆ ‘ಇಟ್’. ‘ಸಿಸರ್ಸ್’, ‘ಟ್ರೌಸರ್ಸ್’ಗೆ ‘ದೆಮ್’, ಕೈಯಲ್ಲಿ ಒಂದೇ ಇದ್ದರೂ.

‘ಟೀಮ್’, ‘ಕಮಿಟಿ’, ‘ಜ್ಯೂರಿ’ಗಳಲ್ಲಿ ಅಮೆರಿಕದವರು ಸಾಮಾನ್ಯವಾಗಿ ‘ಇಟ್’ ಅಂತಾರೆ. ಬ್ರಿಟಿಷರು ಒಳಗಿರೋ ಜನರನ್ನ ಮನಸ್ಸಲ್ಲಿಟ್ಟುಕೊಂಡು ‘ದ ಟೀಮ್ ಆರ್ ಪ್ಲೇಯಿಂಗ್ ದೇರ್ ಬೆಸ್ಟ್’ ಅಂತಾನೂ ಆರಾಮಾಗಿ ಅಂತಾರೆ. ಯಾವುದಾದ್ರೂ ಒಂದನ್ನ ಹಿಡಿಯಿರಿ, ಒಂದೇ ಸಾಲಲ್ಲಿ ಎರಡು ದೋಣಿಗೆ ಕಾಲಿಡಬೇಡಿ. ನನ್ನ ಮೇಜಿಗೆ ದಿನಾ ಬರೋದು ಇದು: ‘ದ ಕಮಿಟಿ ಹ್ಯಾಸ್ ಸಬ್ಮಿಟೆಡ್ ದೇರ್ ರಿಪೋರ್ಟ್.’ ‘ಹ್ಯಾಸ್’ ಅಂತ ಒಂದು ಅಂದು, ‘ದೇರ್’ ಅಂತ ಹಲವು ಅಂದ್ರೆ ಸಮಿತಿ ನಾಲ್ಕು ಪದದೊಳಗೆ ಒಡೆದುಹೋಯ್ತು ಅಂತ ಅರ್ಥ. ‘ಹ್ಯಾಸ್’ ಇದ್ದರೆ ‘ಇಟ್ಸ್’, ನಡುವೆ ಅಪಾಸ್ಟ್ರಫಿ (ಮೇಲಿನ ಕೊಂಬು) ಇಲ್ಲದ ‘ಇಟ್ಸ್’.

ತುಂಟಪದ
ಕನ್ನಡ ಲಿಪೀಲಿ ಬರೆದ್ರೆ ಎರಡು ‘ಇಟ್ಸ್’ಗೂ ಎರಡು ‘ದೇರ್’ಗೂ ವ್ಯತ್ಯಾಸವೇ ಇಲ್ಲ. ಅರ್ಧ ಜಗತ್ತಿನ ಕಾಗುಣಿತದ ಜಗಳ ಇಲ್ಲಿಗೇ ಮುಗಿದುಹೋಯ್ತು, ನೋಡಿ.

ಕೋಡುಗಾರ್ತಿ
ನನಗೆ ಇನ್ನೊಂದು ಅರ್ಥವಾಗದ್ದು. ಹೊಂದಾಣಿಕೆ ಎಲ್ಲ ಸರಿಯಾಗಿದ್ದೂ ಸಾಲು ಗೊಂದಲ ಆಗುತ್ತಲ್ಲ? ‘ಮಾರ್ಕ್ ಟೋಲ್ಡ್ ಡೇವಿಡ್ ದಟ್ ಹಿಸ್ ಕಾರ್ ವಾಸ್ ಸ್ಟೋಲನ್.’ ವಚನ, ಲಿಂಗ ಎಲ್ಲ ಹೊಂದಿದೆ. ಕಾರು ಯಾರದು?

ಇರುವೆಸಾಲು
ಇಂಗ್ಲಿಷಿನ ಕೈ ಅಲ್ಲಿ ಬರಿದು. ಕನ್ನಡದಲ್ಲಿ ಇದು ಸಮಸ್ಯೆಯೇ ಅಲ್ಲ. ‘ತನ್ನ ಕಾರು ಕಳುವಾಗಿದೆ ಎಂದು ಮಾರ್ಕ್ ಡೇವಿಡ್‌ಗೆ ಹೇಳಿದ’ ಅಂದರೆ ಕಾರು ಮಾರ್ಕನದು. ‘ಅವನ ಕಾರು’ ಅಂದರೆ ಡೇವಿಡ್‌ದು, ಇಲ್ಲಾ ಇನ್ಯಾರದೋ. ‘ತನ್ನ’ ವಾಕ್ಯದ ಕರ್ತೃವಿನ ಕಡೆ ಹೋಗುತ್ತದೆ, ‘ಅವನ’ ಬೇರೆ ಕಡೆ ನೋಡುತ್ತದೆ. ನಮ್ಮ ವ್ಯಾಕರಣದಲ್ಲಿ ‘ತಾನು’, ‘ತಾವು’ಗಳನ್ನು ಆತ್ಮಾರ್ಥಕ ಸರ್ವನಾಮ ಅಂತ ಬೇರೆಯೇ ಇಟ್ಟಿದ್ದಾರೆ. ಲ್ಯಾಟಿನ್‌ನಲ್ಲೂ ಹೀಗೆ ಎರಡು ಬೇರೆ ಪದ ಇದ್ದವು. ಇಂಗ್ಲಿಷಿನಲ್ಲಿ ‘ತನ್ನ’ಕ್ಕೂ ‘ಅವನ’ಕ್ಕೂ ‘ಹಿಸ್’ ಒಂದೇ.

ಅದಕ್ಕೇ ನಾವು ಮನಸ್ಸಿನಲ್ಲಿ ‘ತನ್ನ’ ಅಂದುಕೊಂಡು ‘ಹಿಸ್’ ಬರೆದಾಗ ನಮಗೆ ಗೊಂದಲ ಕಾಣುವುದಿಲ್ಲ. ಓದುವವನಿಗೆ ಮಾತ್ರ ಕಾಣುತ್ತದೆ. ಹೊರಬರಲು ಹೆಸರು ಮತ್ತೆ ಹೇಳಬೇಕು, ಇಲ್ಲಾ ನೇರ ಮಾತು ಹಾಕಬೇಕು: ‘ಮಾರ್ಕ್ ಟೋಲ್ಡ್ ಡೇವಿಡ್, “ಮೈ ಕಾರ್ ವಾಸ್ ಸ್ಟೋಲನ್.”’

ಒಂದು ಕಡೆ ಮಾತ್ರ ನಮ್ಮ ಅದೃಷ್ಟ ಚೆನ್ನಾಗಿದೆ. ‘ಅವಳ ತಮ್ಮ’ ಅನ್ನುವಾಗ ಲಿಂಗ ಅವಳದು, ತಮ್ಮನದಲ್ಲ. ಇಂಗ್ಲಿಷಿನ ‘ಹರ್ ಬ್ರದರ್’ ಕೂಡ ಹಾಗೇ. ಹಿಂದಿ, ಫ್ರೆಂಚ್ ಮಾತಾಡುವವರಿಗೆ ಈ ಭಾಗ್ಯ ಇಲ್ಲ, ಅವರಲ್ಲಿ ಆ ಪದ ತಮ್ಮನಿಗೆ ಹೊಂದಿಕೊಳ್ಳುತ್ತದೆ.

ಹಳೆಮೇಷ್ಟ್ರು
ಬಾಲದಲ್ಲಿ ಸೋತವನು ತಲೆಯಲ್ಲಿ ಒಂದು ಸೇಡು ತೀರಿಸಿಕೊಳ್ಳುತ್ತೇನೆ. ಎಲ್ಲರೂ ಉತ್ತರ ಹೇಳಿ: ‘ಶಿ ಈಸ್ ಒನ್ ಆಫ್ ದೋಸ್ ರೈಟರ್ಸ್ ಹೂ —’, ಮುಂದೆ ‘ಲವ್ಸ್ ಹರ್ ವರ್ಕ್’ ಆ, ‘ಲವ್ ದೇರ್ ವರ್ಕ್’ ಆ?

ಸುಮ್ನೆ_ಕೇಳ್ದೆ
‘ಲವ್ಸ್ ಹರ್’. ಅವಳು ಒಬ್ಬಳೇ ಅಲ್ವಾ.

ಕರಡುಪ್ರತಿ
ನಾನೂ ಅದೇ.

ಹಳೆಮೇಷ್ಟ್ರು
ಇಬ್ಬರೂ ಬಿದ್ದಿರಿ. ‘ಹೂ’ ಯಾರನ್ನು ಹಿಡಿದಿದೆ ನೋಡಿ. ಅದರ ಪೂರ್ವಪದ ‘ಶಿ’ ಅಲ್ಲ, ‘ಒನ್’ ಕೂಡ ಅಲ್ಲ, ‘ರೈಟರ್ಸ್’. ತಮ್ಮ ಕೆಲಸವನ್ನು ಪ್ರೀತಿಸುವ ಲೇಖಕರು ಅಂತ ಒಂದು ಗುಂಪಿದೆ, ಅವಳು ಅದರಲ್ಲಿ ಒಬ್ಬಳು. ಹಾಗಾಗಿ ‘ಹೂ ಲವ್ ದೇರ್ ವರ್ಕ್’. ಅದೇ ‘ದ ಓನ್ಲಿ ಒನ್ ಆಫ್ ದೋಸ್ ರೈಟರ್ಸ್’ ಅಂದರೆ ಪ್ರೀತಿಸುವವಳು ಅವಳೊಬ್ಬಳೇ, ಆಗ ‘ಹೂ ಲವ್ಸ್ ಹರ್ ವರ್ಕ್’. ಕನ್ನಡಕ್ಕೆ ತಿರುಗಿಸಿದರೆ ಕಣ್ಣಿಗೆ ಕಾಣುತ್ತದೆ: ‘ತಮ್ಮ ಕೆಲಸವನ್ನು ಪ್ರೀತಿಸುವ ಲೇಖಕರಲ್ಲಿ ಅವಳೂ ಒಬ್ಬಳು.’ ವಿಶೇಷಣ ಲೇಖಕರ ಪಕ್ಕದಲ್ಲೇ ಕೂತಿದೆ, ತಪ್ಪಲು ದಾರಿಯೇ ಇಲ್ಲ.

ಅಲ್ಪವಿರಾಮ
ಮೇಷ್ಟ್ರು ಹೇಳಿದ್ದು ತರ್ಕಕ್ಕೆ ಸರಿ. ಆದರೆ ಒಳ್ಳೊಳ್ಳೆ ಇಂಗ್ಲಿಷ್ ಬರಹಗಾರರೂ ಇಲ್ಲಿ ಏಕವಚನ ಹಾಕಿದ್ದಾರೆ, ‘ಒನ್’ ಅವರನ್ನ ಎಳೆದುಬಿಡುತ್ತೆ. ಬಿದ್ದವರಿಬ್ಬರೂ ಬೇಜಾರಾಗಬೇಡಿ.

ಸುಮ್ನೆ_ಕೇಳ್ದೆ
ಕೊನೇ ಪ್ರಶ್ನೆ. ಒಬ್ಬರಿಗೆ ‘ದೇ’ ಅಂದಾಗ ‘ದೇ ಈಸ್’ ಅನ್ನಬೇಕಾ?

ಇರುವೆಸಾಲು
ಬೇಡವೇ ಬೇಡ. ‘ದೇ ಆರ್’, ಯಾವಾಗಲೂ. ‘ಅವರು ಒಬ್ಬರೇ ಬಂದರು’ ಅಂತೀಯಲ್ಲ, ‘ಅವರು ಒಬ್ಬರೇ ಬಂದ’ ಅನ್ನಲ್ಲವಲ್ಲ, ಹಾಗೆ. ‘ದೆಮ್‌ಸೆಲ್ವ್ಸ್’ ಬದಲು ‘ದೆಮ್‌ಸೆಲ್ಫ್’ ಕೂಡ ಕೆಲವರು ಬರೆಯುತ್ತಾರೆ. ಅದೂ ಹೊಸದಲ್ಲ, ಶತಮಾನಗಳ ಹಿಂದೆ ಇದ್ದು ಮರೆಯಾಗಿ ಈಗ ಮತ್ತೆ ತಲೆ ಎತ್ತಿದೆ. ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡ, ಮೇಷ್ಟ್ರಿಗೆ ಎದೆನೋವು ಬರುತ್ತದೆ.

ಕರಡುಪ್ರತಿ
ವರದಿ ಒಪ್ಪಿಸ್ತಿದ್ದೀನಿ. ಸಾಲನ್ನ ‘ಪ್ಲೀಸ್ ಸೈನ್ ಯುವರ್ ಫಾರ್ಮ್ ಬಿಫೋರ್ ಯು ಲೀವ್’ ಮಾಡಿ ಕಳಿಸಿದೆ. ಇರುವೆಸಾಲು ಅವರ ‘ಯು’ ಪುರಾಣ ಓದಿದ ಮೇಲೆ ಹೊಳೆದಿದ್ದು. ಮೂವರೂ ಒಪ್ಪಿದರು. ಒಬ್ಬರು ಮಾತ್ರ ‘ಪ್ಲೀಸ್’ಗೆ ಕೆಂಪು ಸುತ್ತು ಹಾಕಿ ಕಳಿಸಿದ್ದಾರೆ, ಸೂಚನೆಗೆ ವಿನಂತಿ ಯಾಕೆ ಅಂತ.

ಡೈರೆಕ್ಟರ್ ಸೋಮವಾರ ಬಂದರು. ‘ಶಿ’. ಒಬ್ಬರೇ. ಬಂದ ದಿನವೇ ಎಲ್ಲರಿಗೂ ಮೇಲ್ ಹಾಕಿದ್ದಾರೆ, ಅದರ ಕೊನೇ ಸಾಲು ಹೀಗಿದೆ: ‘ಇಫ್ ಎನಿವನ್ ಹ್ಯಾಸ್ ಎ ಡೌಟ್, ದೇ ಕ್ಯಾನ್ ರೈಟ್ ಟು ಮಿ ಡೈರೆಕ್ಟ್ಲಿ.’ ಮೇಷ್ಟ್ರೇ, ‘ಎನಿವನ್’, ‘ದೇ’. ಏನಂತೀರಿ?

ಹಳೆಮೇಷ್ಟ್ರು
‘ದೇ’ ಇರಲಿ ಬಿಡಿ. ಅಲ್ಲಿ ‘ಡೌಟ್’ ಅಲ್ಲ, ‘ಕ್ವೆಶ್ಚನ್’ ಆಗಬೇಕಿತ್ತು.